ಸಾಲಿನ ಮುಂದಿನ ಕಾರು

ಪೆಟ್ರೋಲು ಕಾಣಸಿಗದ ವಸ್ತುವಾಗಿ, ಕಬ್ಬಿನಿಂದ ಬಟ್ಟಿ ಇಳಿಸಿದ ಇಂಧನವನ್ನು ಮನೆಗಿಷ್ಟು ಎಂದು ಅಳೆದು ಕೊಡುವ ಕಾಲ ಬಂದ ಮೇಲೆ, ಚಿತ್ರದುರ್ಗದಲ್ಲಿ ಒಬ್ಬರನ್ನೊಬ್ಬರು ಕಂಡಾಗ ಆಡುವ ಮೊದಲ ಮಾತೇ ಬದಲಾಯಿತು. ಊಟ ಆಯ್ತಾ, ಮಳೆ ಬಂತಾ ಎಂಬುದೆಲ್ಲ ಆಮೇಲಿನ ಮಾತು. "ನಿಮ್ದು ಎಷ್ಟು ಕೊಡ್ತೈತೆ?" ಎನ್ನುವುದು ಮೊದಲು. ಲೀಟರಿಗೆ ಎಷ್ಟು ಕಿಲೋಮೀಟರು ಎಂದು ಬಿಡಿಸಿ ಕೇಳುವ ಅಗತ್ಯವೇ ಇರಲಿಲ್ಲ. ಹೆಣ್ಣು ನೋಡಲು ಬಂದವರು ಕೂಡ ಅಂಗಳದಲ್ಲಿ ನಿಂತ ಕಾರಿಗೆ ಒಂದು ಸುತ್ತು ಹಾಕಿ, ಅದರ ಗಾಜಿಗೆ ಅಂಟಿಸಿದ ಅಂಕಚೀಟಿ ಓದಿಯೇ ಒಳಗೆ ಕಾಲಿಡುತ್ತಿದ್ದರು.

ಆ ಅಂಕ ಕೊಡುತ್ತಿದ್ದವಳು ನೀಲಾಂಬಿಕೆ. ಜೋಗಿಮಟ್ಟಿ ಗುಡ್ಡದ ತಪ್ಪಲಿನ ವಾಹನ ಸಂಶೋಧನಾ ಕೇಂದ್ರದಲ್ಲಿ ಅವಳು ಹಿರಿಯ ವಿಜ್ಞಾನಿ. ಕೇಂದ್ರಕ್ಕೆ ಉದ್ದನೆಯ ಸರ್ಕಾರಿ ಹೆಸರೊಂದಿತ್ತು. ಊರಿನವರು ಮಾತ್ರ ಅದನ್ನು ಗಾಳಿಮನೆ ಎಂದೇ ಕರೆಯುತ್ತಿದ್ದರು. ಅಲ್ಲಿನ ಸುರಂಗದಲ್ಲಿ ದೊಡ್ಡ ಫ್ಯಾನುಗಳು ಗಾಳಿ ಬೀಸುತ್ತಿದ್ದವು. ಆ ಗಾಳಿಗೆ ಕಾರುಗಳ ಪುಟ್ಟ ಮಾದರಿಗಳನ್ನು ಒಡ್ಡಿ, ಯಾವ ಆಕಾರಕ್ಕೆ ಎಷ್ಟು ತಡೆ ಎಂದು ಅಳೆಯುವುದು ನೀಲಾಂಬಿಕೆಯ ಕೆಲಸ.

ಗಾಳಿ ಕಣ್ಣಿಗೆ ಕಾಣುವುದಿಲ್ಲವೆಂದು ಅದನ್ನು ಹಗುರವಾಗಿ ಎಣಿಸುವಂತಿಲ್ಲ. ಹೆದ್ದಾರಿಯಲ್ಲಿ ಓಡುವ ಕಾರು ಸುಡುವ ಇಂಧನದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಎದುರಿನ ಗಾಳಿಯನ್ನು ಅತ್ತಿತ್ತ ಸರಿಸುವುದಕ್ಕೇ ವ್ಯಯವಾಗುತ್ತದೆ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಆದರೆ ಇನ್ನೊಂದು ಕಾರಿನ ಬೆನ್ನಿಗೇ ಅಂಟಿದಂತೆ ಓಡಿದರೆ, ಮುಂದಿನದು ಸೀಳಿಕೊಟ್ಟ ದಾರಿಯಲ್ಲಿ ಹಿಂದಿನದು ಸಲೀಸಾಗಿ ಸಾಗುತ್ತದೆ. ಈ ಗುಟ್ಟನ್ನೇ ಹಿಡಿದು ಗಾಳಿಮನೆಯವರು ಸಾಲುಪೆಟ್ಟಿಗೆ ಎಂಬ ಉಪಕರಣವನ್ನು ತಯಾರಿಸಿದ್ದರು. ಅಂಗೈಯಗಲದ ಆ ಪೆಟ್ಟಿಗೆಯನ್ನು ಸ್ಟೇರಿಂಗಿನ ಪಕ್ಕ ಕೂರಿಸಿದರೆ ಸಾಕು, ಹೆದ್ದಾರಿಗೆ ಬಂದ ಕಾರುಗಳು ಒಂದರ ಹಿಂದೊಂದು ಕೂಡಿಕೊಂಡು ಸಾಲಾಗುತ್ತಿದ್ದವು. ವೇಗ, ಬ್ರೇಕು ಎಲ್ಲ ಮುಂದಿನ ಕಾರಿನ ಚಾಲಕನದು. ಆತ ಬ್ರೇಕಿನ ಮೇಲೆ ಕಾಲೂರಿದ ಗಳಿಗೆಯಲ್ಲೇ ಸಾಲಿನ ಕೊನೆಯ ಕಾರಿಗೂ ಸುದ್ದಿ ಮುಟ್ಟುತ್ತಿತ್ತು. ಹಿಂದಿನವರು ಕೈಕಟ್ಟಿ ಕೂತು ಶೇಂಗಾ ತಿನ್ನಬಹುದಿತ್ತು.

ಸಾಲು ಬಂದ ಮೊದಲ ಎರಡು ವರ್ಷ ಹಬ್ಬವೋ ಹಬ್ಬ. ಅದೇ ಪಡಿ ಇಂಧನದಲ್ಲಿ ಜನ ಮೊದಲಿಗಿಂತ ಎಷ್ಟೋ ಹೆಚ್ಚು ಓಡಾಡಿದರು. ದಾವಣಗೆರೆಯ ಆಸ್ಪತ್ರೆಗೆ, ಕಾಲೇಜಿಗೆ, ಬೀಗರ ಮನೆಗೆ ಹೋಗಿಬರುವುದು ಮತ್ತೆ ಸಾಧ್ಯವಾಯಿತು. ಸಾಲಿನ ಪ್ರಯೋಗಕ್ಕೆ ಒಪ್ಪಿದ ಜಿಲ್ಲೆಯೆಂದು ಸರ್ಕಾರ ಹೆಚ್ಚುವರಿ ಪಡಿಯನ್ನೂ ಕೊಟ್ಟಿತು. ಆಮೇಲೆ ಏನಾಯಿತೋ, ಉಳಿತಾಯ ಇಳಿಯತೊಡಗಿತು.

ಗಾಳಿಮನೆಯ ನಿಯಂತ್ರಣ ಕೊಠಡಿಯ ಗೋಡೆಯಗಲದ ಪರದೆಯ ಮೇಲೆ ಇಡೀ ಹೆದ್ದಾರಿ ಕಾಣುತ್ತಿತ್ತು. ಬೇಕೆಂದಾಗ ಸಾಲಿನ ಕಾರುಗಳ ನಡುವಿನ ಅಂತರವನ್ನು ಅಲ್ಲಿಂದಲೇ ಹೆಚ್ಚುಕಡಿಮೆ ಮಾಡಬಹುದಿತ್ತು. ಅದರ ಉಸ್ತುವಾರಿ ಇಲಿಯಾಸನದು. ಆಷಾಢದ ಗಾಳಿ ಬಿರುಸಾಗಿದ್ದ ಒಂದು ಬೆಳಿಗ್ಗೆ ಆತ ನೀಲಾಂಬಿಕೆಯನ್ನು ಕರೆದು ತೋರಿಸಿದ.

"ಮೇಡಂ, ಇಲ್ಲಿ ನೋಡ್ರಿ. ಕೂಡುಕಟ್ಟೆ ಹತ್ರ ಸಂತೆ ನೆರೆದಂಗೆ ನೆರೆದಾರೆ. ಒಬ್ರೂ ಹೊರಡವಲ್ರು."

ಕೂಡುಕಟ್ಟೆಯೆಂದರೆ ಊರಾಚೆ ಹೆದ್ದಾರಿಗೆ ಸೇರುವ ಮುನ್ನ ಕಾರುಗಳು ಸಾಲುಗಟ್ಟುವ ಜಾಗ. ಅಲ್ಲಿ ಮೂವತ್ತು ನಲವತ್ತು ಕಾರುಗಳು ಸುಮ್ಮನೆ ನಿಂತಿದ್ದವು. ಚಾಲಕರೆಲ್ಲ ಕೆಳಗಿಳಿದು ಚಹಾ ಕುಡಿಯುತ್ತಿದ್ದರು. ಇಲಿಯಾಸ್ ಪರದೆಯ ಧ್ವನಿ ಹೆಚ್ಚಿಸಿದ. ಅವರ ಮಾತು ಕೇಳಿಸಿತು.

"ನೀವು ಮುಂದೆ ನಡೀರಿ ಸ್ವಾಮೇರ."

"ಎಲ್ಲಾದ್ರೂ ಉಂಟಾ? ಹಿರಿಯರು ನೀವು. ನೀವು ನಡೀರಿ, ಹಿಂದ್ಗಡೆ ನಾವು ಅದೀವಿ."

"ನನಗೇನೂ ಅವಸರ ಇಲ್ಲಪ್ಪ. ಇನ್ನೊಂದು ಚಾ ಕುಡಿಯಾಣ."

ಇಲಿಯಾಸ್ ನಕ್ಕ. ನೀಲಾಂಬಿಕೆಗೆ ನಗು ಬರಲಿಲ್ಲ. ಮುಂದೆ ಹೋದವನಿಗೆ ಗಾಳಿಯ ಪೂರ್ತಿ ಏಟು, ಹಿಂದಿನವರಿಗೆ ಲಾಭ. ಯಾರು ಮುಂದೆ ಹೋಗುತ್ತಾರೆ? ಹೋಗಲಿ, ಹೇಗೋ ಒಬ್ಬ ಹೊರಟರೂ ಈಗ ಹಿಂದಿನವರಿಗೆ ಸಿಗುವುದು ಅಷ್ಟಕ್ಕಷ್ಟೇ ಆಗಿತ್ತು. ಅದಕ್ಕೆ ಕಾರಣ ಪರದೆಯ ಮೇಲೇ ಎದ್ದು ಕಾಣುತ್ತಿತ್ತು. ನಿಂತ ಕಾರುಗಳೆಲ್ಲ ಒಂದೇ ಅಚ್ಚಿನವು: ತಗ್ಗಾಗಿ, ನುಣ್ಣಗೆ, ಹಿಂಬದಿ ಚೂಪಾಗಿ, ನೆಲಕ್ಕೆ ಮುಖವಿಟ್ಟು ಮಲಗಿದಂಥವು. ಜನ ಅವನ್ನು ಹುಣಸೆಬೀಜ ಎನ್ನುತ್ತಿದ್ದರು. ಒಂಟಿಯಾಗಿ ಓಡಿದರೆ ಹುಣಸೆಬೀಜದಷ್ಟು ಕಡಿಮೆ ಕುಡಿಯುವ ಕಾರು ಇನ್ನೊಂದಿಲ್ಲ. ನೀಲಾಂಬಿಕೆ ಅದಕ್ಕೆ ನೂರಕ್ಕೆ ತೊಂಬತ್ತೆಂಟು ಅಂಕ ಕೊಟ್ಟಿದ್ದಳು. ಅಂಕ ನೋಡಿ ಜನ ಕೊಂಡರು. ಎತ್ತರದ ಹಳೆಯ ಕಾರುಗಳನ್ನೆಲ್ಲ ಗುಜರಿಗೆ ಹಾಕಿದರು. ಆದರೆ ಗಾಳಿಯ ನಡುವೆ ಸದ್ದಿಲ್ಲದೆ ನುಸುಳುವ ಕಾರು ತನ್ನ ಹಿಂದಿನವರಿಗೆ ಏನು ಮರೆ ಕೊಟ್ಟೀತು? ಒಬ್ಬೊಬ್ಬರೂ ಉತ್ತಮವಾದುದನ್ನೇ ಆರಿಸಿಕೊಂಡಿದ್ದರು. ಒಟ್ಟು ಸಾಲು ಮಾತ್ರ ಬಡವಾಗಿತ್ತು.

ನಿರ್ದೇಶಕ ಪದ್ಮರಾಜಯ್ಯನವರು ಮಧ್ಯಾಹ್ನ ಅವಳನ್ನು ಕರೆಸಿದರು. ಮೆಲುಮಾತಿನ ಮನುಷ್ಯ. ಕೆಟ್ಟ ಸುದ್ದಿ ಹೇಳುವಾಗ ಕನ್ನಡಕ ತೆಗೆದು ಒರೆಸುವುದು ಅವರ ಅಭ್ಯಾಸ. ಅಂದು ತುಂಬ ಹೊತ್ತು ಒರೆಸಿದರು.

"ಇಂಧನ ಇಲಾಖೆಯವರು ಶ್ರಾವಣದಲ್ಲಿ ತಪಾಸಣೆಗೆ ಬರ್ತಾರಮ್ಮ. ಸಾಲಿನಿಂದ ಉಪಯೋಗ ಇಲ್ಲ ಅಂತ ಅವರಿಗೆ ಕಂಡರೆ ಇದನ್ನ ಮುಚ್ಚಿಬಿಡ್ತಾರೆ. ಹೆಚ್ಚುವರಿ ಪಡಿನೂ ನಿಲ್ತದೆ."

"ಜನಕ್ಕೆ ತೊಂದರೆ ಆಗ್ತದಲ್ಲ ಸರ್."

"ಆಗ್ತದೆ. ಅದಕ್ಕೇ ನಿಮ್ಮನ್ನ ಕರೆದದ್ದು. ಇನ್ನೂ ಹೆಚ್ಚು ನುಣುಪಾದ ಕಾರು ಮಾಡೋಕೆ ಆಗ್ತದಾ ನೋಡಿ."

ನೀಲಾಂಬಿಕೆ ಆಗಲಿ ಎಂದು ತಲೆಯಾಡಿಸಿ ಬಂದಳು. ಇನ್ನೂ ನುಣುಪಾದರೆ ಸಾಲು ಇನ್ನೂ ಬಡವಾಗುತ್ತದೆಂದು ಅವಳಿಗೆ ಗೊತ್ತಿತ್ತು. ಆದರೆ ಬದಲಿಗೆ ಏನು ಮಾಡಬೇಕೆಂಬುದು ಗೊತ್ತಿರಲಿಲ್ಲ.

ಈ ತಲೆನೋವಿನ ನಡುವೆಯೇ ಮನೆಯಲ್ಲಿ ಹೊಸ ಕಾರು ಕೊಳ್ಳುವ ಮಾತು ಎದ್ದಿತು. ನೀಲಾಂಬಿಕೆಯ ಗಂಡ ಮುರುಗೇಶನದು ಮಂಡಕ್ಕಿ ವ್ಯಾಪಾರ. ದಾವಣಗೆರೆಯ ಭಟ್ಟಿಗಳಿಂದ ಮಂಡಕ್ಕಿ ತಂದು ಊರಿನ ಖಾರಮಂಡಕ್ಕಿ ಅಂಗಡಿಗಳಿಗೆ ಹಾಕುವುದು ಅವನ ತಂದೆಯ ಕಾಲದಿಂದ ಬಂದ ಕೆಲಸ. ಮನೆಯ ಹಳೆಯ ಕಾರು ಎಂಜಿನ್ ಸುಟ್ಟುಕೊಂಡು ಮೂಲೆಗೆ ಸೇರಿತ್ತು. ಗಂಡ ಹೆಂಡತಿ, ಮುರುಗೇಶನ ತಾಯಿ ಕೊಟ್ರಮ್ಮ ಮೂವರೂ ಭಾನುವಾರ ಶೋರೂಮಿಗೆ ಹೋದರು.

ಹುಣಸೆಬೀಜದ ಬಾಗಿಲು ತೆಗೆದು ಮಾರಾಟದವನು ಕೊಟ್ರಮ್ಮನನ್ನು ಮೊದಲು ಕೂರಿಸಲು ಹೋದ. ಅವರು ಒಂದು ಕಾಲು ಒಳಗಿಟ್ಟರು, ಸೊಂಟ ಬಗ್ಗಿಸಿದರು, ಅರ್ಧಕ್ಕೆ ನಿಂತರು.

"ಏನಪ್ಪ ಇದು, ಕಾರೋ, ನೆಲದಾಗೆ ಕಾಳು ತುಂಬೋ ಹಗೇವೋ? ಇಳಿಯಾಕೆ ಏಣಿ ಕೊಡ್ತೀರಾ?"

"ಕೂತ ಮೇಲೆ ಆರಾಮ ಇರ್ತದಜ್ಜಿ."

"ಕುಂತ ಮ್ಯಾಲೆ ಆರಾಮೇ. ಏಳೋದು ಹೆಂಗೆ ಹೇಳು. ನನ್ನ ಮಣಕಾಲು ಗದ್ದಕ್ಕೆ ಬಂದವೆ."

ಇಬ್ಬರು ಹಿಡಿದೆತ್ತಿ ಅವರನ್ನು ಹೊರಗೆ ತಂದರು. ಮುರುಗೇಶ ಹಿಂಬದಿಯ ಡಿಕ್ಕಿ ತೆಗೆದು ನೋಡಿ ಅದನ್ನು ಹಾಗೆಯೇ ಮುಚ್ಚಿದ. ಮಂಡಕ್ಕಿ ಚೀಲವೆಂದರೆ ತೂಕ ಹೂವಿನಷ್ಟು, ಗಾತ್ರ ಆನೆಯಷ್ಟು. ಆ ಡಿಕ್ಕಿಯಲ್ಲಿ ಒಂದು ಚೀಲವೂ ಹಿಡಿಯುವಂತಿರಲಿಲ್ಲ.

ಶೋರೂಮಿನ ಹಿಂದಿನ ಮೂಲೆಯಲ್ಲಿ ಧೂಳು ಹೊದ್ದು ಇನ್ನೊಂದು ಕಾರು ನಿಂತಿತ್ತು. ಎತ್ತರದ ಚಾವಣಿ, ನೆಟ್ಟಗೆ ನಿಂತ ಮುಖ, ಗೋಡೆಯಂತೆ ಚಪ್ಪಟೆಯಾದ ಬೆನ್ನು. ಅದನ್ನು ಯಾರೂ ಕೇಳದೆ ವರ್ಷ ಕಳೆದಿತ್ತು. ಕೊಟ್ರಮ್ಮ ಯಾರ ಆಸರೆಯೂ ಇಲ್ಲದೆ ಅದರ ಬಾಗಿಲು ತೆಗೆದು, ಕಟ್ಟೆಯ ಮೇಲೆ ಕೂರುವಂತೆ ಕೂತುಬಿಟ್ಟರು.

"ಮುರಿಗೆಪ್ಪ, ಇದು ಕಣಜ ಇದ್ದಂಗೈತೆ. ಇದು ಬೇಸೈತೆ."

ಅಂದಿನಿಂದ ಆ ಕಾರಿನ ಹೆಸರು ಕಣಜವೆಂದೇ ಆಯಿತು. ನೀಲಾಂಬಿಕೆ ಮುಂದಿನ ಗಾಜಿನ ಬಳಿ ಹೋಗಿ ನೋಡಿದಳು. ಕೆಂಪು ಅಂಕಚೀಟಿ: ನೂರಕ್ಕೆ ಮೂವತ್ತೊಂದು. ಕೆಳಗೆ ಅವಳದೇ ಸಹಿ.

"ರೀ, ಇದು ಬ್ಯಾಡ್ರಿ," ಎಂದಳು ಮೆಲ್ಲಗೆ. "ನಾನು ಫೇಲ್ ಮಾಡಿದ ಕಾರಿನಾಗೆ ನಾನೇ ಕೂತು ಆಫೀಸಿಗೆ ಹೋದರೆ ಜನ ಏನಂತಾರೆ?"

"ನೀನು ಒಂದು ಕಿಲೋಮೀಟರಿಗೆ ಅಂಕ ಕೊಡ್ತಿ ನೀಲಾ. ನಾನು ಒಂದು ಚೀಲಕ್ಕೆ ನೋಡ್ಬೇಕು," ಎಂದ ಮುರುಗೇಶ. "ಇದು ಒಂದು ಸಲ ಹೋಗಿ ತರೋ ಮಾಲಿಗೆ ಆ ಬೀಜ ಎಷ್ಟು ಸಲ ಓಡಾಡ್ಬೇಕು? ಅವ್ವನ್ನ ದಿನಾ ಇಬ್ಬರು ಎತ್ತಿ ಇಳಿಸಾಕೆ ಆಗ್ತದಾ?"

ಅವನ ಮಾತಿನಲ್ಲಿ ತಪ್ಪು ಹುಡುಕಲು ನೀಲಾಂಬಿಕೆ ಪ್ರಯತ್ನಿಸಿದಳು. ಸಿಗಲಿಲ್ಲ. ಕಾರು ಮನೆಗೆ ಬಂತು. ಅವಳು ಮೊದಲ ದಿನ ಅದನ್ನು ಗಾಳಿಮನೆಯ ಹಿಂದಿನ ಬೇವಿನ ಮರದ ಮರೆಗೆ ನಿಲ್ಲಿಸಿ ಬಂದಳು. ಊಟದ ಹೊತ್ತಿಗೆ ಇಡೀ ಕೇಂದ್ರಕ್ಕೆ ಸುದ್ದಿಯಾಗಿತ್ತು. "ಮೇಡಂ, ಮೂವತ್ತೊಂದಕ್ಕೆ ನಾಲ್ಕು ಗ್ರೇಸ್ ಮಾರ್ಕ್ಸ್ ಹಾಕಿ ಪಾಸ್ ಮಾಡಿಬಿಡ್ರಿ," ಎಂದ ಇಲಿಯಾಸ್. ಅವಳು ಸಿಟ್ಟು ಮಾಡಿಕೊಳ್ಳಲು ಹೋಗಿ ನಕ್ಕುಬಿಟ್ಟಳು.

ಮುಂದಿನ ವಾರ ಅವಳಿಗೆ ರಜೆಯಿದ್ದ ದಿನ ಮೂವರೂ ದಾವಣಗೆರೆಗೆ ಹೊರಟರು. ಮುರುಗೇಶನಿಗೆ ಮಂಡಕ್ಕಿ ತರುವುದಿತ್ತು, ಕೊಟ್ರಮ್ಮನಿಗೆ ತಂಗಿಯನ್ನು ನೋಡುವುದಿತ್ತು. ಅಂದೂ ಪಡುವಣ ಗಾಳಿ ಭೋರೆಂದು ಬೀಸುತ್ತಿತ್ತು. ಗುಡ್ಡದ ಮೇಲಿನ ಗಾಳಿಯಂತ್ರಗಳು ರೆಕ್ಕೆ ಕಾಣದಷ್ಟು ವೇಗವಾಗಿ ತಿರುಗುತ್ತಿದ್ದವು. ಕೂಡುಕಟ್ಟೆಯಲ್ಲಿ ಎಂದಿನಂತೆ ಹುಣಸೆಬೀಜಗಳು ನಿಂತಿದ್ದವು. ಮುರುಗೇಶ ಅಲ್ಲಿಗೆ ಬಂದು ವೇಗ ಇಳಿಸುತ್ತಿದ್ದಂತೆ ನಾಲ್ಕಾರು ಹಾರ್ನುಗಳು ಒಟ್ಟಿಗೆ ಕೂಗಿದವು. ಚಹಾ ಲೋಟ ಕೆಳಗಿಟ್ಟು ಜನ ಓಡಿಬಂದರು.

"ಬಂತು ನೋಡ್ರಪ್ಪಾ ಗೋಡೆ! ನಡೀರಣ್ಣ, ನೀವು ಮುಂದೆ ನಡೀರಿ!"

ನರ್ಸಿನ ಬಿಳಿ ಕೋಟು ಹೆಗಲಿಗೆ ಹಾಕಿಕೊಂಡ ಹೆಂಗಸೊಬ್ಬಳು ಕಿಟಕಿಯ ಬಳಿ ಬಂದಳು. ಹೆಸರು ಹಾಲಮ್ಮ. ದಾವಣಗೆರೆಯ ಹೆರಿಗೆ ಆಸ್ಪತ್ರೆಯಲ್ಲಿ ಕೆಲಸ.

"ಅಣ್ಣಾ, ನೀವು ಹೋದ್ರೆ ನಾನು ನಿಮ್ಮ ಬೆನ್ನಿಗೇ ಬರ್ತೀನಿ. ಇವರೆಲ್ಲ ಯಾವಾಗ ಹೊರಡ್ತಾರೋ ಏನೋ. ಡ್ಯೂಟಿ ಹೊತ್ತು ಮೀರಿ ಹೋತು. ತಿಂಗಳ ಪಡಿ ಇಪ್ಪತ್ತನೇ ತಾರೀಕಿಗೇ ಖಾಲಿ ಆಗ್ತೈತೆ. ಹಿಂಗೇ ಆದ್ರೆ ಕೆಲಸ ಬಿಡಬೇಕು ಅಂತ ಮಾಡೀನಿ."

"ಕೆಲಸ ಯಾಕೆ ಬಿಡ್ತೀಯವ್ವ?" ಎಂದರು ಕೊಟ್ರಮ್ಮ ಕಿಟಕಿಯಿಂದ. "ಮುರಿಗೆಪ್ಪ, ನಡಿ."

"ಅತ್ತೆ, ಮುಂದೆ ಹೋದ್ರೆ ನಮ್ಮ ಪಡಿ ಹೋಗ್ತದೆ," ಎಂದಳು ನೀಲಾಂಬಿಕೆ. ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಹಾಲಮ್ಮ ಇನ್ನೂ ಕಿಟಕಿಯಲ್ಲಿ ನಿಂತಿದ್ದಳು.

ಮುರುಗೇಶ ಹೊರಟ. ಕಣಜ ಹೆದ್ದಾರಿಗೆ ಏರಿತು. ಎದುರುಗಾಳಿ ಅದರ ಮುಖಕ್ಕೆ ರಪ್ಪನೆ ಬಡಿಯಿತು. ಎಷ್ಟು ಇಂಧನ ಉರಿಯುತ್ತಿದೆಯೆಂದು ತೋರಿಸುವ ಮುಳ್ಳು ಮೇಲೇರುವುದನ್ನೇ ನೀಲಾಂಬಿಕೆ ನೋಡುತ್ತ ಕೂತಳು. ಹಿಂದೆ ಹಾಲಮ್ಮನ ಬೀಜ, ಅದರ ಹಿಂದೆ ಇನ್ನೊಂದು, ಮತ್ತೊಂದು, ಸರಪಳಿಯಂತೆ ಕೂಡಿಕೊಳ್ಳುತ್ತ ಬಂದವು. ಗಾಳಿಯ ರಭಸಕ್ಕೆ ಮುರುಗೇಶ ವೇಗ ಇಳಿಸಿದ. ವೇಗ ಇಳಿದಾಗ ಸಾಲುಪೆಟ್ಟಿಗೆ ಕಾರುಗಳ ನಡುವಿನ ಅಂತರವನ್ನು ತಾನಾಗಿಯೇ ಕಿರಿದು ಮಾಡುತ್ತದೆ. ಹಾಲಮ್ಮನ ಕಾರು ಸರಿಯುತ್ತ ಸರಿಯುತ್ತ ಕಣಜದ ಬೆನ್ನಿಗೆ ಒಂದು ಮೊಳದಷ್ಟು ಹತ್ತಿರ ಬಂತು.

ಆಗ ಮುಳ್ಳು ಇಳಿಯಿತು.

ನೀಲಾಂಬಿಕೆ ಬಗ್ಗಿ ನೋಡಿದಳು. ವೇಗ ಇಳಿದದ್ದಕ್ಕೆ ಇಷ್ಟು ಇಳಿಯಬೇಕು ಎಂದು ಅವಳಿಗೆ ಬಾಯಿಪಾಠವಿತ್ತು. ಇದು ಅದಕ್ಕಿಂತ ಕೆಳಗೆ ಹೋಗಿತ್ತು.

"ರೀ, ಮುಳ್ಳು ಕೆಟ್ಟದೆ."

"ಹೊಸ ಕಾರು ಕಣೇ."

"ವೇಗ ಬದಲಿಸಬೇಡ್ರಿ. ಹಿಂಗೇ ಹೋಗ್ರಿ." ಅವಳು ಇಲಿಯಾಸನಿಗೆ ಫೋನು ಮಾಡಿದಳು. "ಇಲಿಯಾಸ್, ನಮ್ಮ ಸಾಲು ಕಾಣ್ತದಾ? ನಮ್ಮ ಹಿಂದಿನ ಕಾರನ್ನ ಸ್ವಲ್ಪ ಹಿಂದೆ ಸರಿಸು. ಹಾಂ... ಈಗ ಮತ್ತೆ ಹತ್ತಿರಕ್ಕೆ ತಾ."

ಹಾಲಮ್ಮನ ಕಾರು ಹಿಂದೆ ಸರಿದರೆ ಮುಳ್ಳು ಏರುತ್ತಿತ್ತು. ಹತ್ತಿರ ಬಂದರೆ ಇಳಿಯುತ್ತಿತ್ತು. ಭರಮಸಾಗರ ದಾಟುವವರೆಗೂ ಇದೇ ಆಟ. ಹಿಂದಿನ ಕಾರಿನಿಂದ ಹಾಲಮ್ಮ, ಏನಾಯಿತೆಂದು ತಿಳಿಯದೆ, ಕೈಯೆತ್ತಿ ಕೇಳುತ್ತಿದ್ದಳು. ನೀಲಾಂಬಿಕೆ ಕನ್ನಡಿಯಲ್ಲಿ ಅವಳನ್ನು ನೋಡಿ ಸುಮ್ಮನೆ ಕೈ ಬೀಸಿದಳು.

ದಾವಣಗೆರೆಯಲ್ಲಿ ಮುರುಗೇಶ ಚೀಲ ಹೇರಿಸುತ್ತಿದ್ದಾಗ ಅವಳು ಭಟ್ಟಿಯ ಬಾಗಿಲಲ್ಲಿ ನಿಂತು, ಕೈಗೆ ಸಿಕ್ಕ ಕಾಗದದ ಪೊಟ್ಟಣದ ಮೇಲೆ ಕಾರಿನ ಚಿತ್ರ ಬರೆಯುತ್ತಿದ್ದಳು. ಒಳಗೆ ಕಾದ ಮರಳಿನಲ್ಲಿ ಅಕ್ಕಿ ಚಟಪಟನೆ ಅರಳುತ್ತಿತ್ತು. ಬಿಸಿ ಮಂಡಕ್ಕಿಯನ್ನು ಮುರುಗೇಶ ಅವಳ ಅಂಗೈಗೆ ಸುರಿದ. ಅವಳು ತಿಂದದ್ದು ಮಂಡಕ್ಕಿಯೋ ಕಾಗದವೋ ಅವಳಿಗೇ ಗೊತ್ತಾಗಲಿಲ್ಲ.

ಮರುದಿನ ಅವಳು ಗಾಳಿಸುರಂಗದೊಳಗೆ ಕಣಜದ ಮರದ ಮಾದರಿಯೊಂದನ್ನು ಇಡಿಸಿದಳು. ಗಾಳಿಯಲ್ಲಿ ಹೊಗೆಯ ಎಳೆಗಳನ್ನು ಬಿಟ್ಟರೆ ಅದರ ಹರಿವು ಕಣ್ಣಿಗೆ ಕಾಣುತ್ತದೆ. ಹೊಗೆ ಮಾದರಿಯ ಮೇಲೆ ಹಾದು, ಚಪ್ಪಟೆ ಬೆನ್ನಿನ ಹಿಂದೆ ಇಳಿಯಲು ದಾರಿ ಸಿಗದೆ, ಸುಳಿ ಸುತ್ತಿ ಹೊರಳುತ್ತಿತ್ತು. ಆ ಸುಳಿಯ ಜಾಗದಲ್ಲಿ ಗಾಳಿಯ ಒತ್ತಡ ಕಡಿಮೆ. ಅದು ಕಾರನ್ನು ಹಿಂದಿನಿಂದ ಹಿಡಿದು ಜಗ್ಗುತ್ತದೆ. ಎತ್ತರದ ಕಾರು ಹೆಚ್ಚು ಕುಡಿಯುವುದು ಎದುರಿನ ಗಾಳಿಗೆ ಮಾತ್ರವಲ್ಲ, ಬೆನ್ನಿನ ಈ ಜಗ್ಗಾಟಕ್ಕೂ ಹೌದು. ನೀಲಾಂಬಿಕೆ ಹುಣಸೆಬೀಜದ ಪುಟ್ಟ ಮಾದರಿಯನ್ನು ಅದರ ಬೆನ್ನ ಹತ್ತಿರಕ್ಕೆ ಸರಿಸಿದಳು. ಸುಳಿ ಕುಗ್ಗಿತು. ಇನ್ನೂ ಸರಿಸಿದಳು. ಹೊಗೆಯ ಎಳೆ ಕಣಜದ ಚಾವಣಿಯಿಂದ ಬೀಜದ ಬೆನ್ನ ಮೇಲೆ, ಒಂದೇ ಕಾರಿನ ಮೈಯೋ ಎಂಬಂತೆ, ನೀಟಾಗಿ ಜಾರಿಹೋಯಿತು. ಹಿಂದಿನದು ಮುಂದಿನದರ ಬಾಲವಾಗಿಬಿಟ್ಟಿತ್ತು.

ಹಿಂದಿನವನಿಂದ ಮುಂದಿನವನಿಗೂ ಒಂದಿಷ್ಟು ಲಾಭವುಂಟೆಂದು ಅವಳು ಓದುವ ಕಾಲದಲ್ಲೇ ಓದಿದ್ದಳು. ಆದರೆ ಗಾಳಿಮನೆಯಲ್ಲಿ ಪರೀಕ್ಷೆಗೆ ಇಟ್ಟದ್ದೆಲ್ಲ ಬೀಜದ ಹಿಂದೆ ಬೀಜ. ಚೂಪು ಬಾಲದ ಬೀಜಕ್ಕೆ ಬೆನ್ನಿನ ಜಗ್ಗಾಟವೇ ಇಲ್ಲ. ಇಲ್ಲದ್ದನ್ನು ಇಳಿಸುವುದು ಹೇಗೆ? ಲಾಭ ಲೆಕ್ಕಕ್ಕೆ ಬಾರದಷ್ಟು ಚಿಕ್ಕದೆಂದು ಎಲ್ಲರೂ ಅದನ್ನು ಬಿಟ್ಟುಬಿಟ್ಟಿದ್ದರು. ಮೊಂಡು ಬೆನ್ನಿನ ಕಾರನ್ನು ಸಾಲಿನ ಮುಂದೆ ಇಟ್ಟು ನೋಡುವ ಯೋಚನೆ ಯಾರಿಗೂ ಬಂದಿರಲಿಲ್ಲ.

ಪದ್ಮರಾಜಯ್ಯನವರು ಸುರಂಗದ ಗಾಜಿಗೆ ಹಣೆ ತಾಗಿಸಿ ಆ ಹೊಗೆಯನ್ನು ನೋಡುತ್ತ ನಿಂತರು.

"ಅಂದರೆ, ಮುಂದೆ ಹೋಗೋನಿಗೆ ನಷ್ಟ ಇಲ್ಲ?"

"ಒಂಟಿಯಾಗಿ ಹೋಗೋದಕ್ಕಿಂತ ಕಡಿಮೆ ಕುಡೀತದೆ ಸರ್. ಹಿಂದಿನವರಿಗಂತೂ ಬೀಜದ ಹಿಂದೆ ಸಿಗೋದಕ್ಕಿಂತ ಎಷ್ಟೋ ಹೆಚ್ಚು ಮರೆ. ಹತ್ತು ಕಾರಿಗೆ ಒಂದು ಕಣಜ ಇದ್ದರೆ ಸಾಕು."

"ಇಷ್ಟು ವರ್ಷ ಕಣಜಕ್ಕೆ ಕೆಂಪು ಚೀಟಿ ಕೊಟ್ಟವರು ನಾವು. ಈಗ ಜನಕ್ಕೆ ಏನು ಹೇಳೋಣ?"

"ಇದನ್ನೇ ಹೇಳೋಣ ಸರ್. ನಾವು ಒಂದೊಂದೇ ಕಾರನ್ನ ನೋಡಿದ್ವಿ, ಸಾಲನ್ನ ನೋಡಲಿಲ್ಲ ಅಂತ. ಜನ ಕೊಂಡ ಬೀಜಗಳು ಬಾಲಕ್ಕೆ ಬಲು ಚಂದ. ಯಾರೂ ಏನೂ ಬದಲಿಸೋದು ಬೇಡ. ಎತ್ತರದ ಗಾಡಿಗಳು ಊರಲ್ಲಿ ಇನ್ನೂ ಇವೆ. ಹಾಲಿನ ವ್ಯಾನು, ಶಾಲೆ ವ್ಯಾನು, ತರಕಾರಿ ಗಾಡಿ. ಅವು ಸಾಲಿಗೆ ಬರ್ತಾ ಇರಲಿಲ್ಲ, ಯಾಕಂದ್ರೆ ಅವನ್ನ ನಾವೇ ಕರೀಲಿಲ್ಲ."

ಪದ್ಮರಾಜಯ್ಯನವರು ಕನ್ನಡಕ ಹಾಕಿಕೊಂಡರು. "ಕರೀರಿ," ಎಂದರು.

ಕರೆಯುವುದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ವ್ಯಾನಿನವರು ನಂಬಲಿಲ್ಲ. "ಗಾಳಿ ಏಟು ತಿನ್ನೋದು ನಾವು, ಉಳಿತಾಯ ಕಾರಿನೋರಿಗೆ, ಅಲ್ವಾ ಮೇಡಂ?" ಎಂದು ಹಾಲಿನ ವ್ಯಾನಿನ ಚಾಲಕನೊಬ್ಬ ನೇರವಾಗಿಯೇ ಕೇಳಿದ. ನೀಲಾಂಬಿಕೆ ವಾದಿಸಲಿಲ್ಲ. ಅವನ ಪಕ್ಕದಲ್ಲೇ ಕೂತು ಭರಮಸಾಗರದವರೆಗೆ ಹೋದಳು. ಹೋಗುವಾಗ ಹಿಂದೆ ಸಾಲಿಲ್ಲದೆ, ಬಂದು ಮತ್ತೆ ಹೋಗುವಾಗ ಸಾಲಿನೊಂದಿಗೆ. ಎರಡನೆಯ ಸಲ ಆತ ರಸ್ತೆ ನೋಡಿದ್ದಕ್ಕಿಂತ ಮುಳ್ಳು ನೋಡಿದ್ದೇ ಹೆಚ್ಚು. "ಹಿಂದಿನೋರು ನೂಕಿದಂಗೆ ಆಗ್ತೈತಲ್ರೀ," ಎಂದ. ಅವನು ತನ್ನವರಿಗೆ ಹೇಳಿದ, ಅವರು ಇನ್ನೊಬ್ಬರಿಗೆ ಹೇಳಿದರು. ಗಾಳಿಮನೆಯ ಪ್ರಕಟಣೆಗಿಂತ ಅದು ಬೇಗ ಹರಡಿತು.

ಮನೆಯಲ್ಲಿ ಕೊಟ್ರಮ್ಮನ ಕೈಯಲ್ಲೂ ಕೆಲಸವಿತ್ತು. ಕಣಜದಲ್ಲಿ ಕೂತು ದಾವಣಗೆರೆಗೆ ಹೋಗುವುದು ಅವರಿಗೆ ಎಷ್ಟು ರುಚಿಸಿತೆಂದರೆ, ತಂಗಿಗೆ ವಾರಕ್ಕೊಮ್ಮೆ ಹೊಸ ಕಾಯಿಲೆ ಹುಟ್ಟಿಸುತ್ತಿದ್ದರು. "ಪಾಪ, ಅವಳಿಗೆ ಸೊಂಟ ಹಿಡಿದೈತಂತೆ," ಎಂದು ಬೆಳಗಾಗುತ್ತಲೇ ಸೀರೆಯುಟ್ಟು ಕೂರುತ್ತಿದ್ದರು. ಆ ತಂಗಿ ಅಂಗಳದಲ್ಲಿ ಓಡಾಡಿಕೊಂಡು ಗಟ್ಟಿಮುಟ್ಟಾಗಿದ್ದುದು ಮುರುಗೇಶನಿಗೂ ಗೊತ್ತು. ಅವನೂ ಏನೂ ಗೊತ್ತಿಲ್ಲದವನಂತೆ ಬಾಗಿಲು ತೆಗೆದು ಕೊಡುತ್ತಿದ್ದ.

ಶ್ರಾವಣದಲ್ಲಿ ಇಲಾಖೆಯವರು ಬಂದರು. ಇಬ್ಬರು ಅಧಿಕಾರಿಗಳು. ಮೊದಲೇ ತೀರ್ಮಾನ ಮಾಡಿಕೊಂಡು ಬಂದವರಂತೆ ಕುರ್ಚಿಯ ತುದಿಯಲ್ಲಿ ಕೂತರು. ಅಂದು ಗಾಳಿ ಮರಗಳ ಕೊಂಬೆ ಮುರಿಯುವಂತೆ ಬೀಸುತ್ತಿತ್ತು. ಪರದೆಯ ಮೇಲೆ ಕೂಡುಕಟ್ಟೆ ಕಾಣುತ್ತಿತ್ತು. ಬೀಜಗಳು ನಿಂತಿದ್ದವು. ಎತ್ತರದ ಗಾಡಿ ಒಂದೂ ಇರಲಿಲ್ಲ.

"ಇವರು ಯಾಕೆ ನಿಂತಿದಾರೆ?" ಎಂದರು ಹಿರಿಯ ಅಧಿಕಾರಿ.

ಇಲಿಯಾಸ್ ನೀಲಾಂಬಿಕೆಯ ಮುಖ ನೋಡಿದ. ಹಾಲಿನ ವ್ಯಾನು ಬೆಳಿಗ್ಗೆಯೇ ಪಂಕ್ಚರ್ ಆಗಿ ನಿಂತಿತ್ತು. ಶಾಲೆಯ ವ್ಯಾನಿಗೆ ಅಂದು ರಜೆ. ಮುರುಗೇಶ ದಾವಣಗೆರೆಯಿಂದ ಹಿಂದಿರುಗುವುದು ಇನ್ನೂ ತಡ. ಅಧಿಕಾರಿ ವಾಚು ನೋಡಿಕೊಂಡರು.

ಆಗ ಪರದೆಯ ಅಂಚಿನಲ್ಲಿ ಏನೋ ಅಲುಗಿತು. ಕೂಡುಕಟ್ಟೆಯ ಇಳಿಜಾರಿನಲ್ಲಿ ಹಳದಿ ಬಣ್ಣದ ಎತ್ತರದ ಗಾಡಿಯೊಂದು ಬಂತು. ಅದರ ಹಿಂದೆ ಇನ್ನೊಂದು, ಗಾಣದ ಎಣ್ಣೆ ಡಬ್ಬಗಳದ್ದು. ಮತ್ತೊಂದು ಶಾಮಿಯಾನದ ಗಾಡಿ, ಮೇಲೆ ಕಟ್ಟಿದ ಬಣ್ಣದ ಬಟ್ಟೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಇವರನ್ನು ನೀಲಾಂಬಿಕೆ ಕರೆದಿರಲಿಲ್ಲ. ಅವರ ಹೆಸರೂ ಅವಳಿಗೆ ಗೊತ್ತಿರಲಿಲ್ಲ. ಎಲ್ಲಿಂದಲೋ ಮಾತು ಕೇಳಿ, ತಮ್ಮ ಪಾಡಿಗೆ ಸಾಲುಪೆಟ್ಟಿಗೆ ಹಾಕಿಸಿಕೊಂಡು ಬಂದಿದ್ದರು. ಹಳದಿ ಗಾಡಿ ನಿಲ್ಲಲೇ ಇಲ್ಲ. ಹಾರ್ನು ಹೊಡೆದು ನೇರ ಹೆದ್ದಾರಿಗೆ ಏರಿತು. ಬೀಜಗಳು ಹೋ ಎಂದು ಅದರ ಬೆನ್ನಿಗೆ ಬಿದ್ದವು.

ಇಲಿಯಾಸ್ ಅಂಕಿಗಳನ್ನು ಪರದೆಗೆ ತಂದ. ಅಧಿಕಾರಿಗಳು ಮುಂದೆ ಬಾಗಿದರು. ಆಮೇಲೆ ಎದ್ದು ಪರದೆಯ ಹತ್ತಿರಕ್ಕೇ ಹೋದರು. ಅಂಥ ಗಾಳಿಯಲ್ಲೂ ಸಾಲಿನ ಉಳಿತಾಯ ಮೊದಲ ವರ್ಷದ್ದನ್ನು ಮೀರಿತ್ತು. ಹಿರಿಯ ಅಧಿಕಾರಿ ನೀಲಾಂಬಿಕೆಯತ್ತ ತಿರುಗಿ, "ಈ ಹಳದಿ ಗಾಡಿಯವನಿಗೆ ನೀವು ಏನು ಕೊಡ್ತೀರಿ?" ಎಂದು ಕೇಳಿದರು.

"ಏನೂ ಇಲ್ಲ ಸರ್. ಅವನಿಗೆ ಹಿಂದಿನವರೇ ಕೊಡ್ತಾರೆ," ಎಂದಳು. ಪದ್ಮರಾಜಯ್ಯನವರು ಹೊಗೆಯ ಕಥೆ ಹೇಳಲು ಅವರನ್ನು ಸುರಂಗದತ್ತ ಕರೆದೊಯ್ದರು.

ಸಾಲು ಉಳಿಯಿತು, ಪಡಿಯೂ ಉಳಿಯಿತು. ಗಾಳಿಮನೆಯ ಅಂಕಚೀಟಿ ಬದಲಾಯಿತು. ಈಗ ಪ್ರತಿ ಕಾರಿಗೂ ಎರಡು ಅಂಕ: ಮುಂದೆ ಹೋದರೆ ಎಷ್ಟು, ಹಿಂದೆ ಬಂದರೆ ಎಷ್ಟು. ಕಾರು ಕೊಳ್ಳುವವರು ಈಗ ಅಕ್ಕಪಕ್ಕದ ಮನೆಯವರು ಏನು ಕೊಂಡಿದ್ದಾರೆ ಎಂದು ವಿಚಾರಿಸಿ, ತಮಗೂ ಅವರಿಗೂ ಹೊಂದುವಂಥದ್ದನ್ನು ಆರಿಸುವ ರೂಢಿ ಹುಟ್ಟಿತು. ಹಾಲಮ್ಮ ಕೆಲಸ ಬಿಡಲಿಲ್ಲ. ಅವಳ ಪಡಿ ತಿಂಗಳ ಕೊನೆಯವರೆಗೂ ಬರುತ್ತಿತ್ತು. ದಸರಾ ರಜೆಯಲ್ಲಿ ಒಂದು ದಿನ ಅವಳು ಮನೆಗೆ ಬಂದು ಕೊಟ್ರಮ್ಮನಿಗೆ ಮಂಡಿನೋವಿನ ಎಣ್ಣೆ ಕೊಟ್ಟುಹೋದಳು.

ಕಾರ್ತಿಕದ ಒಂದು ಬೆಳಿಗ್ಗೆ ಮುರುಗೇಶನಿಗೆ ಕೈ ಉಳುಕಿ, ನೀಲಾಂಬಿಕೆಯೇ ಕಣಜದ ಸ್ಟೇರಿಂಗು ಹಿಡಿಯಬೇಕಾಯಿತು. ಸಾಲಿನ ಮುಂದೆ ಅವಳು ಎಂದೂ ಓಡಿಸಿರಲಿಲ್ಲ. ಮುರುಗೇಶ ಹಿಂದೆ ಖಾಲಿ ಚೀಲಗಳ ನಡುವೆ ಒರಗಿ ಕೂತ. ಕೊಟ್ರಮ್ಮ ಮುಂದೆ, ಮಡಿಲಲ್ಲಿ ಶೇಂಗಾ ಇಟ್ಟುಕೊಂಡು. ಗಾಳಿ ಅಡಗಿತ್ತು. ರಸ್ತೆಯ ಎರಡೂ ಬದಿಗೆ ಮೆಕ್ಕೆಜೋಳದ ಹೊಲಗಳು ಒಣಗಿ ಹೊಂಬಣ್ಣಕ್ಕೆ ತಿರುಗಿದ್ದವು. ಕೂಡುಕಟ್ಟೆ ದಾಟಿದ ಮೇಲೆ ಒಂದೊಂದಾಗಿ ಕಾರುಗಳು ಬಂದು ಕೂಡಿಕೊಳ್ಳುವುದು ಅವಳಿಗೆ ಬೆನ್ನಿನಲ್ಲೇ ತಿಳಿಯುತ್ತಿತ್ತು. ಯಾರೋ ಬೆನ್ನಿಗೆ ಮೆತ್ತಗೆ ಅಂಗೈ ಇಟ್ಟಂತೆ ಕಾರು ಹಗುರಾಗುತ್ತಿತ್ತು.

"ಹಿಂದೆ ಎಷ್ಟು ಗಾಡಿ ಅದಾವೆ ನೀಲಾ?" ಎಂದು ಕೊಟ್ರಮ್ಮ ಕೇಳಿದರು.

ಅವಳು ಕನ್ನಡಿ ನೋಡಿದಳು. ರಸ್ತೆ ಬಾಗಿದಲ್ಲಿ ಸಾಲು ಬಾಗಿ, ದಿಬ್ಬದ ಆಚೆಗೆ ಇಳಿದು ಹೋಗಿತ್ತು.

"ಗೊತ್ತಾಗವಲ್ದು ಅತ್ತೆ. ಬಾಲ ಕಾಣಂಗಿಲ್ಲ."

ಕೊಟ್ರಮ್ಮ ಶೇಂಗಾದ ಸಿಪ್ಪೆ ಊದಿದರು. "ಹಂಗಾರೆ ಮೆಲ್ಲಕ ನಡಿಯವ್ವ. ಅಷ್ಟು ಜನದಾಗೆ ಯಾರಾನ ಬಾಣಂತಿ ಇದ್ದೇ ಇರ್ತಾಳೆ."

ನೀಲಾಂಬಿಕೆ ಕಾಲನ್ನು ಸ್ವಲ್ಪ ಸಡಿಲಿಸಿದಳು. ಅವಳ ಹಿಂದೆ, ಕಣ್ಣಿಗೆ ಕಾಣುವಷ್ಟು ದೂರ ಮತ್ತು ಅದರಾಚೆಗೂ, ಎಲ್ಲ ಕಾರುಗಳೂ ಒಟ್ಟಿಗೆ ಮೆಲ್ಲಗಾದವು.